ಎಣ್ಣೆ ಹಚ್ಚಿದ ರಬ್ಬರು

ಉದ್ಯಮಬಾಗದ ಸಣ್ಣ ವರ್ಕ್‌ಶಾಪೊಂದರಲ್ಲಿ ಮಾಯಕ್ಕನ ಕೆಲಸ ಬಿಡಿಭಾಗ ತೊಳೆಯುವುದು. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು, ಎರಡು ವರ್ಷದಿಂದ ಡೀಸೆಲ್ ಬೋಗುಣಿಯ ಮುಂದೆ ಕುಳಿತು ಎಲ್ಲರ ಕೈಗಳನ್ನು ನೋಡುತ್ತಿದ್ದಳು. ಅವಳನ್ನು ಯಾರೂ ಅಷ್ಟಾಗಿ ನೋಡುತ್ತಿರಲಿಲ್ಲ.

ಬುಧವಾರ ಖಾನಾಪುರದ ಮುತ್ತಪ್ಪ ಒಂದು ರೆಗ್ಯುಲೇಟರ್ ತಂದ. ನೀರಿಗಿಳಿಯುವವರು ಬಾಯಲ್ಲಿ ಕಚ್ಚಿಕೊಂಡು ಸಿಲಿಂಡರಿನ ಗಾಳಿ ಎಳೆದುಕೊಳ್ಳುವ ಸಾಧನ ಅದು. ಮಲಪ್ರಭೆಯಲ್ಲಿ ಮುಳುಗಿ, ಪಂಪುಗಳ ಬಾಯಿಗೆ ಸಿಕ್ಕ ಕಸ ಬಿಡಿಸುವುದು ಅವನ ಉದ್ಯೋಗ. ಗೋವಾದಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ. ಮಾಲಕ ಓಂಕಾರ ಅದನ್ನು ಬಿಚ್ಚಿ, ಸಮುದ್ರದ ಉಪ್ಪು ತೊಳೆಸಿ, ಕೂಡಿಸುವಾಗ ಉಸಿರು ಹೊರಹೋಗುವ ಕಡೆಯ ತೆಳು ರಬ್ಬರು ಮುಚ್ಚಳಕ್ಕೆ ಮೆಷಿನ್ ಆಯಿಲ್ ಸವರಿದ. ಅವನ ಕೈಗೆ ಬಂದ ಯಾವುದೂ ಎಣ್ಣೆಯಿಲ್ಲದೆ ಹೊರಗೆ ಹೋದದ್ದಿಲ್ಲ.

ಎಣ್ಣೆಯಲ್ಲಿ ಬಿದ್ದ ರಬ್ಬರು ಉಬ್ಬಿ ಸೊಟ್ಟಗಾಗುವುದನ್ನು ಮಾಯಕ್ಕ ತನ್ನ ಬೋಗುಣಿಯಲ್ಲಿ ಎಷ್ಟೋ ಸಲ ಕಂಡಿದ್ದಳು. ಈ ಮುಚ್ಚಳ ಸೊಟ್ಟಾದರೆ ನೀರು ಬಾಯೊಳಗೇ ಬರುತ್ತದೆ. ಎದ್ದು ನಿಂತಳು.

"ಏನು?" ಎಂದ ಓಂಕಾರ, ತಲೆ ಎತ್ತದೆ.

"ಏನಿಲ್ರಿ."

ಶನಿವಾರ ಮುತ್ತಪ್ಪ ಅದನ್ನು ಒಯ್ದ. ಮರುದಿನ ಮುಂಜಾನೆಯೇ ಇಳಿಯುತ್ತೇನೆಂದ. ಆ ರಾತ್ರಿ ಮಚ್ಛೆ ಊರಿನ ತನ್ನ ಬಾಡಿಗೆ ಖೋಲಿಯಲ್ಲಿ ಅವಳು ಒಬ್ಬಳೇ ಕುಳಿತಿದ್ದಳು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮುತ್ತಪ್ಪನ ನಂಬರು ಅವಳಲ್ಲಿರಲಿಲ್ಲ; ಮಾಲಕನಿಗೆ ಫೋನ್ ಮಾಡಲು ಬೆರಳು ಏಳಲಿಲ್ಲ. ರವಿವಾರ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಟಳು. ಮುತ್ತಪ್ಪ ಎಲ್ಲಿ ಇಳಿಯುತ್ತಾನೆಂದು ತಿಳಿಯಲು ಗುರುತಿಲ್ಲದ ನಾಲ್ಕು ಜನರನ್ನು ಮಾತಾಡಿಸಬೇಕಾಯಿತು. ಒಂದು ತಿಂಗಳಲ್ಲೂ ಅವಳು ಅಷ್ಟು ಮಾತಾಡುತ್ತಿರಲಿಲ್ಲ.

ಮುತ್ತಪ್ಪ ಹೊಳೆಯ ದಂಡೆಯಲ್ಲಿ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ.

"ಏನವಾ, ನೀನೂ ಈಸಾಕ ಬಂದ್ಯಾ?"

"ಸಿಲಿಂಡರ್ ಬಂದ್ ಮಾಡ್ರಿ. ಪೈಪಿನ್ಯಾಗಿನ ಗಾಳಿ ಬಿಟ್ಟು, ಬಾಯಾಗ ಹಿಡದು ಉಸಿರು ಎಳೀರಿ."

"ಓಂಕಾರಣ್ಣ ಎಲ್ಲಾ ಬರೋಬ್ಬರಿ ಐತಿ ಅಂದಾನಲ್ಲ."

"ಗಾಳಿ ಬರಬಾರದ್ರಿ. ಬಂತಂದ್ರ ನೀರೂ ಬರತೈತಿ."

ನಗುತ್ತಲೇ ಅವಳು ಹೇಳಿದಂತೆ ಸಿಲಿಂಡರ್ ಬಂದ್ ಮಾಡಿ, ಪೈಪಿನ ಗಾಳಿ ಬಿಟ್ಟು ಎಳೆದ. ಗಾಳಿ ಸಲೀಸಾಗಿ ಬಂತು. ಇನ್ನೊಮ್ಮೆ ಎಳೆದ, ಈ ಸಲ ನಗಲಿಲ್ಲ. ಬಿಚ್ಚಿ ನೋಡಿದರೆ ಮುಚ್ಚಳದ ಅಂಚು ಸುಟ್ಟ ಹಪ್ಪಳದಂತೆ ಮೇಲೆದ್ದಿತ್ತು. ಅಲ್ಲೇ ಓಂಕಾರನಿಗೆ ಫೋನ್ ಹಚ್ಚಿ, ಮಾಯಕ್ಕ ಬಂದು ಹೇಳಿದ್ದನ್ನು ತಿಳಿಸಿದ. ಓಂಕಾರನ ದನಿ ಮಾಯಕ್ಕನಿಗೂ ಕೇಳುತ್ತಿತ್ತು.

"ಯಾರು, ಮಾಯಕ್ಕನಾ? ಅಕಿ ಮಾತಾಡ್ತಾಳೇನು?"

"ಮಾತಾಡಿದ್ಲು. ಅದಕ್ಕ ನಾ ಇನ್ನೂ ದಂಡಿ ಮ್ಯಾಲ ಅದೀನಿ."

"ಅಕಿ ಕೈಯಾಗ ಕೊಡು" ಎಂದ ಓಂಕಾರ.

ಅವಳು ಫೋನ್ ಕಿವಿಗಿಟ್ಟುಕೊಂಡಳು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮುಗಿದುಹೋಗಿದ್ದವು. ಅವನು ಎರಡು ಸಲ ಹಲೋ ಅಂದ.

"ರಬ್ಬರಿಗೆ ಎಣ್ಣಿ ಹಚ್ಚಬ್ಯಾಡ್ರಿ," ಎಂದಳು. ಫೋನನ್ನು ಮುತ್ತಪ್ಪನ ಕೈಗೆ ಕೊಟ್ಟು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.