ನಡುಗೋಡೆಯ ಪ್ಲಗ್ಗು

ಸುಟ್ಟ ತುದಿಗಳನ್ನು ಕತ್ತರಿಸಿದ ಮೇಲೆ ಗೋಡೆಯ ಡಬ್ಬಿಯಲ್ಲಿ ಉಳಿದದ್ದು ಬೆರಳಗಲದ ವೈರು. ಹೊಸ ಪ್ಲಗ್ಗಿಗೆ ಅದು ನಿಲುಕಲಿಲ್ಲ. ಉಮರ ಬೇರೆ ತುಂಡುಗಳ ತುದಿಯನ್ನು ಹಲ್ಲಿನಿಂದ ಸುಲಿದು, ಒಂದೊಂದಾಗಿ ಹೊಸೆದು ಸೇರಿಸತೊಡಗಿದ. ಹೆಂಡತಿ ರುಕ್ಸಾರ ಮೊಬೈಲಿನ ಬೆಳಕು ಹಿಡಿದಿದ್ದಳು. ಮಧ್ಯಾಹ್ನದಿಂದ ತೊರವಿಯಲ್ಲಿ ಕರೆಂಟಿರಲಿಲ್ಲ.

"ಮೇನ್ ಇಳಿಸೀರೇನ್ರಿ?"

"ಇಳಿಸೇನಿ. ಟೆಸ್ಟರೂ ಹಚ್ಚಿ ನೋಡೇನಿ, ಮಿಣಕ್ ಅಂದಿಲ್ಲ. ನೀ ಬೆಳಕ ಹಿಂಗ ಅತ್ತಿತ್ತ ಹಿಡದ್ರ ನನಗ ವೈರ್ ಹೆಂಗ ಕಾಣಬೇಕು?"

ಊರಿಗೇ ಕರೆಂಟಿಲ್ಲದಾಗ ಟೆಸ್ಟರು ಎಲ್ಲಿಂದ ಮಿಣುಕಬೇಕು? ರುಕ್ಸಾರಳಿಗೆ ನೆನಪಾಯಿತು. ರಮಜಾನಿನಲ್ಲಿ ತಮ್ಮ ಫ್ಯೂಜು ಹೋಗಿ ಇಡೀ ಮನೆ ಕತ್ತಲಾಗಿದ್ದಾಗ ಈ ಪ್ಲಗ್ಗಿನಲ್ಲಿ ಮಿಕ್ಸರು ತಿರುಗಿತ್ತು. ಅಂದು ಅದನ್ನು ಅಲ್ಲಾನ ಕರುಣೆ ಎಂದುಕೊಂಡಿದ್ದಳು.

ಮನೆ ಪಾಲಾದಾಗ ಉಮರನೂ ಅವನ ಅಣ್ಣನೂ ನಡುಗೋಡೆಯ ಬಾಗಿಲಿಗೆ ಇಟ್ಟಂಗಿ ಕಟ್ಟಿ ಮುಚ್ಚಿದರು. ಮೀಟರು ಎರಡಾದವು. ಗೋಡೆಯೊಳಗಿನ ಹಳೆಯ ವೈರನ್ನು ಪಾಲು ಮಾಡುವುದು ಯಾರಿಗೂ ಹೊಳೆದಿರಲಿಲ್ಲ.

"ರೀ, ಕೈ ತಗೀರಿ. ಇದು ಅವರ ಮೀಟರಿಂದು."

"ಯಾರ ಹೇಳ್ಯಾರ?"

"ಮಿಕ್ಸರ್ ಹೇಳೈತಿ."

ಉಮರ ನಕ್ಕ. "ಹಂಗಾದ್ರ ಮಿಕ್ಸರನ್ನ ಕರಿ, ಅದ ಜೋಡಸಲಿ. ಇನ್ನ ಒಂದ ವೈರಿನ ಗಂಟ ಉಳದೈತಿ. ಆ ಮನಿ ಬಾಗಲಕ್ಕ ಹೋಗಿ ನಾ ಕೇಳಂಗಿಲ್ಲ."

ಅಣ್ಣನ ಮನೆಯೊಂದಿಗೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅವನ ಬೆರಳುಗಳ ನಡುವೆ ಬೆತ್ತಲೆ ತಾಮ್ರ ಹೊಳೆಯುತ್ತಿತ್ತು. ಎದುರಿನ ಹಿಟ್ಟಿನ ಗಿರಣಿ ಸುಮ್ಮನಿತ್ತು. ಕರೆಂಟು ಬಂದರೆ ಓಣಿಯಲ್ಲಿ ಮೊದಲು ಕೂಗುವುದು ಅದೇ.

ರುಕ್ಸಾರ ಟ್ರಂಕು ಹತ್ತಿ ನಡುಗೋಡೆಯ ಗವಾಕ್ಷಿಗೆ ಬಾಯಿ ಹಚ್ಚಿದಳು. "ಮುಮತಾಜ ಭಾಭಿ, ನಿಮ್ಮ ಮೇನ್ ಇಳಸ್ರಿ. ಇವರು ವೈರ್ ಹಿಡದಾರ."

 ಆಚೆ, ಅಣ್ಣನ ಹೆಂಡತಿಯ ಅಡುಗೆಮನೆಯಲ್ಲಿ, ಪಾತ್ರೆಯೊಂದು ಉರುಳಿತು. ಬರಿಗಾಲಿನ ಓಟ ಕೇಳಿಸಿತು.

ಗಿರಣಿ ಕೂಗಿತು.

ಅವಳು ಕಣ್ಣು ಮುಚ್ಚಿದಳು. ತೆರೆದಾಗ ಉಮರ ಕೂತಲ್ಲೇ ಇದ್ದ. ಬೆರಳು ತಾಮ್ರದ ಮೇಲೆಯೇ ಇತ್ತು, ಮುಖ ಬಿಳಿಚಿತ್ತು. ಕರೆಂಟು ಬಂದೊಡನೆ ದಡಬಡಿಸುವ ಆಚೆಯ ಕೂಲರು ಇವತ್ತು ಸದ್ದು ಮಾಡಲಿಲ್ಲ.

"ಇಳಿಸೇನವಾ," ಗವಾಕ್ಷಿಯಿಂದ ಮುಮತಾಜಳ ಏದುಸಿರು ಬಂತು. "ಮುಗದ ಮ್ಯಾಲ ಹೇಳು. ಅಲ್ಲೀತನಾ ನಾ ಇಲ್ಲಿಂದ ಕದಲಂಗಿಲ್ಲ. ಟೇಪ್ ಗಟ್ಟಿ ಸುತ್ತಂತ ಹೇಳ ಆ ಹುಚ್ಚಗ."

ಉಮರ ಟೇಪಿನ ತುದಿ ಹುಡುಕಿದ. ಮೂರು ಸಲ ಅದು ಉಗುರಿಗೆ ಸಿಗದೆ ಜಾರಿತು. ರುಕ್ಸಾರ ಕೆಳಗಿಳಿದು, ಅವನ ಕೈಯಿಂದ ಟೇಪು ತೆಗೆದುಕೊಂಡು, ತುದಿ ಬಿಡಿಸಿ ಕೊಟ್ಟಳು.