ಹದಿನಾಲ್ಕನೆಯ ಪ್ರಶ್ನೆ

ಹದಿನಾಲ್ಕನೆಯ ಪ್ರಶ್ನೆಯನ್ನು ಸೋದರಮಾವನಿಗೆ ಹೇಗೆ ಕೇಳುವುದೆಂದು ನಮಿತಾಳಿಗೆ ಇವತ್ತೂ ತೋಚಲಿಲ್ಲ. ‘ಕಳೆದ ವಾರ ನಿಮಗೆ ಯಾವುದರಲ್ಲಾದರೂ ಸಂತೋಷ ಸಿಕ್ಕಿತೆ?’ ಭಾಂಡುಪ್‌ನಿಂದ ಮಾಟುಂಗದವರೆಗೆ ಮುಂಬೈಯ ಲೋಕಲ್ ರೈಲಿನಲ್ಲಿ ನಿಂತು ಅದನ್ನೇ ಹಿಂದುಮುಂದು ಮಾಡಿ ನೋಡಿದಳು. ಅರುವತ್ತೆರಡರ ಅಡುಗೆಯವನಿಗೆ, ತನ್ನನ್ನು ಎತ್ತಿ ಆಡಿಸಿದವನಿಗೆ, ಇಂಥದ್ದನ್ನೆಲ್ಲ ಯಾರು ಕೇಳುತ್ತಾರೆ?

ಅದಕ್ಕೇ ಮೂರು ತಿಂಗಳಿಂದ ವಾರವಾರವೂ ಅದರ ಬದಲು ‘ಊಟ ಆಯ್ತಾ?’ ಎಂದು ಕೇಳುತ್ತಿದ್ದಳು. ಮಾವ ‘ಆಯ್ತು’ ಎನ್ನುತ್ತಿದ್ದ. ಅವಳು ಫಾರಮ್ಮಿನಲ್ಲಿ ‘ಹೌದು’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದಳು. ಊರ ಕಡೆಯವರು ಹಸಿದು ಕೂತಿದ್ದರೂ ಆ ಪ್ರಶ್ನೆಗೆ ‘ಆಯ್ತು’ ಎಂದೇ ಹೇಳುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆ ‘ಆಯ್ತು’ ಈಗೀಗ ಆಫೀಸಿನ ಲಿಫ್ಟಿನಲ್ಲೂ ಬೆನ್ನ ಹಿಂದೆ ಕೇಳಿಸುತ್ತಿತ್ತು.

ಅವಳಿಗೆ ಔಷಧ ಕಂಪನಿಯಲ್ಲಿ ಕೆಲಸ: ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿದವರನ್ನು ವಾರಕ್ಕೊಮ್ಮೆ ಕಂಡು, ಪ್ರಶ್ನೆ ಕೇಳಿ ಫಾರಂ ತುಂಬುವುದು. ಮನುಷ್ಯನ ಮೈ ಭಂಗಿಸೊಪ್ಪಿನಲ್ಲಿರುವಂಥ ಒಂದು ರಸವನ್ನು ತನ್ನೊಳಗೇ ಮಾಡಿಕೊಳ್ಳುತ್ತದೆ. ಹೊಟ್ಟೆ ಖಾಲಿಯಾದಾಗ ಅದು ಮಿದುಳಿನ ಬಾಗಿಲು ತಟ್ಟುತ್ತದೆ. ಆಗ ಒಗ್ಗರಣೆಯ ವಾಸನೆಗೆ ಬಾಯಲ್ಲಿ ನೀರೂರುತ್ತದೆ. ಕಂಪನಿಯ ಹೊಸ ಮಾತ್ರೆ ಆ ಬಾಗಿಲಿಗೆ ಬೀಗ ಹಾಕುತ್ತದೆ, ತೂಕ ಇಳಿಯುತ್ತದೆ. ಅದೇ ಬಾಗಿಲಿನಿಂದ ಇನ್ನೇನೇನು ಒಳಗೆ ಬರುತ್ತಿತ್ತೋ! ಹಿಂದೆ ಇಂಥ ಮಾತ್ರೆ ನುಂಗಿದ ಕೆಲವರಿಗೆ ಬದುಕೇ ಬೇಡವಾಗಿತ್ತು. ಹದಿನಾಲ್ಕನೆಯ ಪ್ರಶ್ನೆ ಇದ್ದದ್ದು ಅದಕ್ಕೇ. ‘ಇಲ್ಲ’ ಎಂದರೆ ಮಾತ್ರೆ ನಿಲ್ಲಿಸಬೇಕು, ವಿಚಾರಣೆ ಆಗಬೇಕು.

ವಿಚಾರಣೆಯಾದರೆ ನಮಿತಾಳ ಕೆಲಸ ಹೋಗುತ್ತಿತ್ತು. ಸಂಬಂಧ ಮುಚ್ಚಿಟ್ಟು ಮಾವನನ್ನು ಪ್ರಯೋಗಕ್ಕೆ ಸೇರಿಸಿದವಳು ಅವಳೇ. ಅವನ ಮಂಡಿನೋವು ನೋಡಲಾಗದೆ ಸೇರಿಸಿದ್ದಳು. ನೂರಾ ಹತ್ತು ಕಿಲೋ ಇದ್ದವನು ಈಗ ತೊಂಬತ್ತಾರು. ಆಫೀಸಿನ ಮೀಟಿಂಗಿನಲ್ಲಿ ಎಲ್ಲರೂ ಗ್ರಾಫಿನಲ್ಲಿ ಅವನ ತೂಕದ ಗೆರೆ ಇಳಿದದ್ದನ್ನು ತೋರಿಸಿ ಮೆಚ್ಚಿದ್ದರು.

ಮಾಟುಂಗದ ಹೋಟೆಲಿನ ಅಡುಗೆಮನೆಯಲ್ಲಿ ಅಣ್ಣು ಮಾವ ಸ್ಟೂಲಿನ ಮೇಲೆ ಕೂತಿದ್ದ. ಅಂಗಿ ಬೇರೆಯವರದ್ದನ್ನು ತೊಟ್ಟ ಹಾಗಿತ್ತು. ಮೂವತ್ತು ವರ್ಷಗಳಿಂದ ಇಲ್ಲಿ ಒಂದು ಕ್ರಮ: ಅವನು ಸಾಂಬಾರನ್ನು ಅಂಗೈಗೆ ಹಾಕಿಸಿಕೊಂಡು, ನೆಕ್ಕಿ, ‘ಸಮ ಉಂಟು’ ಎನ್ನದೆ ಒಂದು ಬಕೆಟ್ಟೂ ಹೊರಗೆ ಹೋಗುವಂತಿಲ್ಲ.

ನಮಿತಾ ಧೈರ್ಯ ಮಾಡಿದಳು. “ಮಾವ, ಈ ವಾರ ಯಾವುದ್ರಲ್ಲಾದ್ರೂ ಖುಷಿ ಆಯ್ತಾ ನಿಮಗೆ?”

ಮಾವ ಕೂತಲ್ಲಿಂದಲೇ ಒಲೆಯ ಉರಿ ತಗ್ಗಿಸಿದ.

“ನಿನ್ನ ಕಾಗದದಲ್ಲಿ ಎಂತ ಬರೀಬೇಕೋ ಅದನ್ನೇ ಬರಿ. ನಿಂಗೆ ತೊಂದರೆ ಆಗುದು ಬೇಡ.”

ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ತುಸು ನಿರಾಳವೂ ಆಯಿತು.

ಎರಡನೆಯ ಅಡುಗೆಯವನಾದ ಪ್ರಶಾಂತ ಸೌಟು ತಂದ. ಮಾವ ಬಲಗೈ ಚಾಚಿದ. ಬಿಸಿ ಸಾಂಬಾರು ಅಂಗೈ ತುಂಬಿತು. ಅವನು ಬಾಯಿಗೆ ಒಯ್ಯಲಿಲ್ಲ. ಯಾರೋ ಹಿಡಿದುಕೊಂಡಿರಲು ಕೊಟ್ಟು ಹೋದದ್ದನ್ನು ನೋಡುವಂತೆ ನೋಡುತ್ತ ಕೂತ. ಸಾಂಬಾರು ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಪ್ರಶಾಂತ ದಿನದ ಕೆಲಸವೆಂಬಂತೆ ಬಟ್ಟೆಯಿಂದ ಒರೆಸಿದ, ತಾನೇ ರುಚಿ ನೋಡಿ ಕೊಪ್ಪರಿಗೆಗೆ ಒಂದು ಹಿಡಿ ಉಪ್ಪು ಹಾಕಿದ, ಹೊರಗೆ ಕೂಗಿ ಹೇಳಿದ:

“ಅಣ್ಣು ಶೆಟ್ರು ಸಮ ಉಂಟು ಅಂದ್ರು.”

ಬಕೆಟ್ಟುಗಳು ಹೊರಟವು. ನಮಿತಾ ಪೆನ್ನಿನ ಮುಚ್ಚಳ ತೆಗೆದಳು. ಹದಿನಾಲ್ಕನೆಯ ಸಾಲಿನಲ್ಲಿ ಎರಡು ಚೌಕಗಳಿದ್ದವು: ‘ಹೌದು’, ‘ಇಲ್ಲ’.

“ನಿಂದು ಊಟ ಆಯ್ತಾ?” ಮಾವ ಕೇಳಿದ.

ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ತಿನ್ನಬೇಕೆಂದು ಅನ್ನಿಸಿಯೂ ಇರಲಿಲ್ಲ.

“ಆಯ್ತು,” ಎಂದಳು, ವಾರವಾರವೂ ಮಾವ ಹೇಳುತ್ತಿದ್ದ ಹಾಗೇ.

ಮಾವನ ಕೈ ಇನ್ನೂ ಚಾಚಿಕೊಂಡೇ ಇತ್ತು, ಈಗ ಅವಳ ಕಡೆಗೆ. ಅಂಗೈ ಸುಟ್ಟು ಕೆಂಪಾಗಿತ್ತು, ಅದು ಅವನಿಗೆ ತಿಳಿದಂತೆಯೇ ಇರಲಿಲ್ಲ.