ಅವಳ ಪರದೆಯಲ್ಲಿ ಇಲ್ಲದ ಹೆಸರು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಚಾರ್ಟ್ ಮೇಡಂ ಎನ್ನುತ್ತಿದ್ದರು. ಎದುರಿಗೆ ಗೌರವದಿಂದ, ಬೆನ್ನ ಹಿಂದೆ ಬೇರೆ ರಾಗದಲ್ಲಿ. ಫ್ರಿಜ್ಜು, ವಾಷಿಂಗ್ ಮೆಷೀನು ಮಾರುವ ಕಂಪನಿ ಅದು. ಕೆಳಗಿನ ಮಹಡಿಯಲ್ಲಿ ಗಿರಾಕಿಗಳ ಬೈಗುಳ ಕೇಳುವ ಫೋನ್ ಕೋಣೆ. ಮೇಲಿನ ಮಹಡಿಯಲ್ಲಿ ಆ ಬೈಗುಳಗಳನ್ನೆಲ್ಲ ಅಂಕಿ ಮಾಡಿ, ಬಣ್ಣ ಬಳಿದು, ದೊಡ್ಡವರಿಗೆ ತೋರಿಸುವ ಚಾರ್ಟ್ ಮೇಡಂ.

ಅವಳು ಬರುವ ಮೊದಲು ಅಲ್ಲಿನ ವರದಿಗಳ ಗತಿ ಯಾರಿಗೂ ಬೇಡ. ‘ಕೊನೆಯದು’, ‘ನಿಜವಾಗಿ ಕೊನೆಯದು’, ‘ಸಾಹೇಬರು ಬೈದ ಮೇಲಿನದು’ ಎಂಬ ಹೆಸರಿನ ಫೈಲುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಇವಳು ಸೆರಗು ಕಟ್ಟಿ ನಿಂತು ಎಲ್ಲವನ್ನೂ ಫೋಲ್ಡರುಗಳಿಗೆ ಸೇರಿಸಿದಳು. ಯಾರಿಗೆ ಯಾವುದು ಕಾಣಬೇಕು, ಯಾರು ಬರೀ ನೋಡಬೇಕು, ಯಾರು ಕೈ ಹಾಕಬಹುದು, ಎಲ್ಲಕ್ಕೂ ಒಂದು ಕಟ್ಟುನಿಟ್ಟು. ಒಂದು ಲಿಂಕ್ ಕಳಿಸಿದರೆ ಸಾಕು, ಕೂತಲ್ಲೇ ವರದಿ ತೆರೆಯುತ್ತಿತ್ತು. ಒಂದು ಹೆಸರು ಒತ್ತಿದರೆ ಗೆರೆಗಳೆಲ್ಲ ಎದ್ದು ಕೂತು ಆ ಒಬ್ಬರ ಜಾತಕ ಹೇಳುತ್ತಿದ್ದವು. ಬಂದ ಮೇಲ್‌ಗಳಿಗೂ ಫೋಲ್ಡರು ಮಾಡಿದ್ದಳು. ಅದರಲ್ಲಿ ಒಂದಕ್ಕೆ ‘ಆಮೇಲೆ ಓದುವುದು’ ಎಂದು ಹೆಸರು. ಒಳಗೆ ಹೋದದ್ದನ್ನು ಅವಳು ಓದಿದ್ದು ಮಾತ್ರ ಯಾರೂ ಕಂಡಿರಲಿಲ್ಲ. ಅಚ್ಚುಕಟ್ಟಿನವರ ಹಣೆಬರಹವೇ ಇಷ್ಟು, ಜೋಡಿಸಿಟ್ಟರೆ ಓದಿದಂತೆಯೇ ಎಂದುಕೊಳ್ಳುತ್ತಾರೆ.

ಕೆಳಗಿನ ಫೋನ್ ಕೋಣೆಯಲ್ಲಿ ಅವಳ ಭಾವ ಇದ್ದ, ಅಕ್ಕನ ಗಂಡ. ಅಪ್ಪ ಅಮ್ಮ ಹೋದ ಮೇಲೆ ಇವಳನ್ನು ಸಾಕಿ, ಓದಿಸಿ, ಇಂದಿಗೂ ತನ್ನ ಮನೆಯಲ್ಲೇ ಇಟ್ಟುಕೊಂಡವನು. ಈ ಕೆಲಸ ಖಾಲಿಯಿದೆ ಎಂದು ತಿಳಿಸಿದವನೂ ಅವನೇ. “ಸಂಬಂಧಿಕರು ಇದ್ದಾರಾ ಅಂತ ಕೇಳಿದ್ರೆ ಇಲ್ಲ ಅನ್ನು ಪುಟ್ಟಿ. ಇದ್ದಾರೆ ಅಂದ್ರೆ ತಗೊಳ್ಳಲ್ಲ ಇವರು,” ಎಂದಿದ್ದ. ಅವಳು ಇಲ್ಲ ಎಂದಳು. ಮೊದಮೊದಲು ಮೆಟ್ಟಿಲ ಮೇಲೆ ಅವನು ಎದುರಾದಾಗ ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತಿತ್ತು. ಆಮೇಲೆ ತಡೆದುಕೊಳ್ಳಲು ನಗುವೇ ಬರುತ್ತಿರಲಿಲ್ಲ.

ಭಾವನಿಗೆ ಫೋನ್ ಕೋಣೆ ಇಟ್ಟ ಹೆಸರು ತಣ್ಣೀರು. ಯಾವನಾದರೂ ಗಿರಾಕಿ ಕೂಗಾಡಿ ಕೋರ್ಟಿಗೆ ಎಳೀತೀನಿ ಎಂದರೆ ಉಳಿದವರು ಮೆಲ್ಲಗೆ ಆ ಕರೆಯನ್ನು ತಣ್ಣೀರಿನ ಕಡೆ ದಾಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಅವನು ಹೂಂ ಅಣ್ಣ, ಹೌದಮ್ಮ, ನಿಮ್ಮ ಮಾತು ಸರಿ, ಎನ್ನುತ್ತ ಆ ಬೆಂಕಿ ಆರುವವರೆಗೂ ಕಿವಿ ಕೊಟ್ಟು ಕೂರುತ್ತಿದ್ದ. ಹಾಗಾಗಿ ಅವನ ಕರೆಗಳು ಉದ್ದ. ಬೇರೆಯವರವು ಗಿಡ್ಡ.

ಹೀಗಿರುವಾಗ ಸಾಹೇಬರ ಅಪ್ಪಣೆ ಬಂತು. ಈ ಸಾಹೇಬರ ಅಡ್ಡಹೆಸರು ಇಸ್ತ್ರಿ. ಅಂಗಿಯಲ್ಲಾಗಲಿ ಆಫೀಸಿನಲ್ಲಾಗಲಿ ಒಂದು ಸುಕ್ಕು ಕಂಡರೆ ಅವರಿಗೆ ತಡೆಯುತ್ತಿರಲಿಲ್ಲ. ಫೋನ್ ಕೋಣೆಯಲ್ಲಿ ಜನ ಹೆಚ್ಚಾಗಿದ್ದಾರೆ, ಯಾರ ಕರೆಗಳು ಅತಿ ಉದ್ದವೋ ಅವರನ್ನು ಮನೆಗೆ ಕಳಿಸುವುದು, ಅದಕ್ಕೊಂದು ವರದಿ ಬೇಕು, ಎಲ್ಲರಿಗೂ ಕಾಣುವಂತೆ ಹಂಚಬೇಕು. ಬೇಕಾದವರು ಮೊದಲೇ ಬರೆದುಕೊಟ್ಟು ಗೋಡೌನಿಗೆ ಹೋಗಬಹುದು. ಅಲ್ಲಿ ಸಂಬಳ ಕಡಿಮೆ, ಕೆಲಸ ಭದ್ರ.

ಮನೆಯಲ್ಲಿ ಭಾವ ಕೇಳಿದ. “ಪುಟ್ಟಿ, ನನಗೆ ಬರೋ ಕರೆ ಬೇರೆಯವರು ದಾಟಿಸಿದ್ದು ಅಂತ ನಿಮ್ಮ ಲೆಕ್ಕದಲ್ಲಿ ಇರುತ್ತಲ್ಲ? ಅದನ್ನೂ ಒಂದು ಮೂಲೇಲಿ ತೋರಿಸು ಸಾಕು. ಇಲ್ಲಾಂದ್ರೆ ಹೇಳ್ಬಿಡು, ಗೋಡೌನಿಗೆ ಬರ್ಕೊಡ್ತೀನಿ.”

ಇತ್ತು. ಯಾವ ಕರೆ ಯಾರಿಂದ ದಾಟಿ ಬಂತು ಎನ್ನುವುದು ಅವಳ ಅಂಕಿಗಳಲ್ಲಿ ಸ್ಪಷ್ಟವಾಗಿ ಕೂತಿತ್ತು. ಅದನ್ನು ವರದಿಗೆ ಸೇರಿಸಬೇಕಾದರೆ ಇಸ್ತ್ರಿಯ ಒಪ್ಪಿಗೆ ಬೇಕು, ಯಾಕೆ ಎಂದು ಕೇಳುತ್ತಾರೆ, ಕೆದಕುತ್ತಾರೆ, ಭಾವ ಎನ್ನುವುದು ಹೊರಬೀಳುತ್ತದೆ. ಅವಳಿಗೆ ಅದಕ್ಕಿಂತ ಸಲೀಸಾದ ದಾರಿ ಹೊಳೆಯಿತು.

“ಗೋಡೌನೂ ಬೇಡ ಏನೂ ಬೇಡ ಭಾವ. ನಿಮ್ಮ ಹೆಸರೇ ಬರದ ಹಾಗೆ ನೋಡ್ಕೋತೀನಿ. ಈ ವಿಷಯದಲ್ಲಿ ನೀವು ತಲೆ ಕೆಡಿಸ್ಕೋಬೇಡಿ.”

“ಅವಳೇ ಹೇಳ್ತಿದಾಳಲ್ಲ, ಸುಮ್ನಿರಿ ಇನ್ನು,” ಎಂದಳು ಅಕ್ಕ, ತಂಗಿಯ ತಲೆ ಸವರುತ್ತ. ಗೋಡೌನಿಗೆ ಬರೆದುಕೊಡುವ ಕೊನೆಯ ದಿನ ಬಂದು ಹೋಯಿತು, ಭಾವ ಬರೆದುಕೊಡಲಿಲ್ಲ.

ಅವಳು ಮಾಡಿದ್ದು ಇಷ್ಟೇ. ವರದಿ ತೆರೆದು, ಹೆಸರುಗಳ ಪಟ್ಟಿಯಲ್ಲಿ ಭಾವನ ಹೆಸರಿನ ಮುಂದಿದ್ದ ಗುರುತು ತೆಗೆದು, ಉಳಿಸು ಎಂದು ಒತ್ತಿದಳು. ಎಲ್ಲಕ್ಕಿಂತ ಮೇಲಿದ್ದ ಅವನ ಕೆಂಪು ಗೆರೆ ಮಾಯ. ವರದಿ ಮಾಡಿದವರು ಏನು ಮರೆಮಾಡಿದರೂ ಹಂಚಿದ ಎಲ್ಲರಿಗೂ ಹಾಗೇ ಮರೆಯಾಗುತ್ತದೆ ಎಂಬುದು ಅವಳ ನಂಬಿಕೆ. ಹಿಂದೆ ಹಾಗೇ ಇತ್ತು. ಈಗ ಬದಲಾಗಿದೆ, ಯಾರು ಮರೆಮಾಡಿದರೋ ಅವರಿಗೆ ಮಾತ್ರ ಮರೆ, ಉಳಿದವರಿಗೆ ಪೂರ್ತಿ ಕಾಣುತ್ತದೆ ಎಂದು ಸಾಫ್ಟ್‌ವೇರಿನವರು ಮೇಲ್ ಕಳಿಸಿದ್ದರು. ಆ ಮೇಲ್ ‘ಆಮೇಲೆ ಓದುವುದು’ ಫೋಲ್ಡರಿನಲ್ಲಿ ಅಚ್ಚುಕಟ್ಟಾಗಿ ಮಲಗಿತ್ತು.

ಅಲ್ಲಿಂದ ದಿನಾ ಬೆಳಿಗ್ಗೆ ಅವಳು ವರದಿ ತೆರೆಯುವಳು, ಭಾವನ ಹೆಸರು ಇರುತ್ತಿರಲಿಲ್ಲ, ನೆಮ್ಮದಿಯಿಂದ ಕಾಫಿ ಕುಡಿಯುವಳು. ಅದೇ ಹೊತ್ತಿಗೆ ಕೆಳಗೆ ಇಡೀ ಫೋನ್ ಕೋಣೆ ಅದೇ ವರದಿ ತೆರೆದು ತಣ್ಣೀರನ್ನು ಪಟ್ಟಿಯ ನೆತ್ತಿಯ ಮೇಲೆ ನೋಡುತ್ತಿತ್ತು. ತಮ್ಮ ತಲೆನೋವುಗಳನ್ನು ಅವನ ಕಡೆ ದಾಟಿಸಿದವರೇ ಅಯ್ಯೋ ಪಾಪ ಎಂದು ಲೊಚಗುಟ್ಟಿ, ಇನ್ನೂ ನಾಲ್ಕು ಕರೆ ದಾಟಿಸುತ್ತಿದ್ದರು. ಹೇಗೂ ಹೋಗುವವನು, ಹೋಗಲಿ! ಭಾವನೂ ನೋಡಿದ. ಪುಟ್ಟಿ ಹೇಳಿದ್ದಾಳೆ, ಕೊನೆಯ ಗಳಿಗೆಯಲ್ಲಿ ತೆಗೆಯುತ್ತಾಳೆ ಎಂದುಕೊಂಡು ಬಾಯಿ ಬಿಡಲಿಲ್ಲ. ಕೇಳಿದರೆ ಅವಳ ಮೇಲೆ ಅನುಮಾನ ಪಟ್ಟಂತಾಗುತ್ತದೆ ಎಂಬ ದಾಕ್ಷಿಣ್ಯ ಬೇರೆ. ಈ ದಾಕ್ಷಿಣ್ಯವೆಂಬುದು ಎಂಥ ಹಾಳು ಗುಣ ನೋಡಿ.

ಮೀಟಿಂಗಿನ ದಿನ ಇಸ್ತ್ರಿ ತಮ್ಮ ಕಂಪ್ಯೂಟರಿನಿಂದಲೇ ವರದಿಯನ್ನು ಗೋಡೆಯ ಪರದೆಗೆ ಹಾಕಿದರು. ಎಲ್ಲಕ್ಕಿಂತ ಮೇಲೆ, ಉದ್ದಕ್ಕೆ, ಕೆಂಪಗೆ, ಭಾವನ ಹೆಸರು. ಚಾರ್ಟ್ ಮೇಡಂ ತನ್ನ ಮಡಿಲಲ್ಲಿದ್ದ ಪರದೆ ನೋಡಿದಳು, ಅಲ್ಲಿಲ್ಲ. ಗೋಡೆ ನೋಡಿದಳು, ಇದೆ.

“ಇವರು ಹಳಬರು,” ಎಂದರು ಇಸ್ತ್ರಿ. “ಸುಮ್ಮನೆ ಕಳಿಸೋಕೆ ನನಗೂ ಮನಸ್ಸಿಲ್ಲ. ಕರೆ ಇಷ್ಟುದ್ದ ಯಾಕೆ? ಏನಾದ್ರೂ ಕಾರಣ ಇದ್ರೆ ಈಗಲೇ ಹೇಳಿ.”

ಫೋನ್ ಕೋಣೆಯ ಮೇಲ್ವಿಚಾರಕಿ ಕೂತಲ್ಲೇ ಕದಲಿದಳು. “ಕಷ್ಟದ ಕರೆಗಳೆಲ್ಲ ಇವರಿಗೇ ಹೋಗುತ್ತೆ ಅನ್ಸುತ್ತೆ ಸರ್.”

“ಅನ್ಸೋದು ಬೇಡ. ಅಂಕಿ ಏನು ಹೇಳುತ್ತೆ?” ಇಸ್ತ್ರಿ ಚಾರ್ಟ್ ಮೇಡಂ ಕಡೆ ತಿರುಗಿದರು. “ಹಾಗೇನಾದ್ರೂ ಇದ್ಯೇನಮ್ಮಾ?”

ಒಂದು ಒತ್ತು ಸಾಕಿತ್ತು. ದಾಟಿ ಬಂದ ಕರೆಗಳನ್ನು ಬದಿಗೆ ಸರಿಸಿದರೆ ಆ ಕೆಂಪು ಗೆರೆ ಕುಗ್ಗಿ ಎಲ್ಲರಿಗಿಂತ ಕೆಳಗೆ ಹೋಗುತ್ತಿತ್ತು. ಅವಳ ಬೆರಳು ಅಲ್ಲೇ ಇತ್ತು. ಆದರೆ ಹಾಗೆ ತೋರಿಸಬೇಕಾದರೆ ಅವಳ ಪರದೆ ಗೋಡೆಗೆ ಹೋಗಬೇಕು, ಅದರಲ್ಲಿ ಆ ಒಂದು ಹೆಸರು ಮಾತ್ರ ಯಾಕಿಲ್ಲ ಎಂದು ಎಲ್ಲರ ಮುಂದೆ ಹೇಳಬೇಕು. ಗುರುತನ್ನು ಮೊದಲು ವಾಪಸ್ ಹಾಕಿಬಿಡಬಹುದು ಎನ್ನುವುದು ಕೂಡ ಆ ಗಾಬರಿಯಲ್ಲಿ ಅವಳಿಗೆ ಹೊಳೆಯಲಿಲ್ಲ. ಹೊಳೆದದ್ದು ತನ್ನ ಕುರ್ಚಿ ಒಂದೇ.

“ಅಂಕಿಯಲ್ಲಿ ಹಾಗೇನೂ ಕಾಣಲ್ಲ ಸರ್,” ಎಂದಳು. ಸ್ವರ ಒಂದಿಷ್ಟೂ ನಡುಗಲಿಲ್ಲ, ಬೇಕಾದರೆ ಅದಕ್ಕೂ ಒಂದು ಬಹುಮಾನ ಕೊಡಬಹುದು.

“ಕೆಲಸ ಅಂದ್ರೆ ಹೀಗಿರಬೇಕು,” ಎಂದು ಇಸ್ತ್ರಿ ಉಳಿದವರಿಗೆ ಹೇಳಿದರು. “ಮುಲಾಜಿಲ್ಲ, ಮುಚ್ಚುಮರೆ ಇಲ್ಲ.” ಅವಳು ತಲೆ ತಗ್ಗಿಸಿದಳು. ವಿನಯ ಎಂದುಕೊಂಡರು.

ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ, ಗಂಡನ ಕೆಲಸ ಹೋದ ಸುದ್ದಿ ತಿಳಿದು ಅಕ್ಕನ ಕಣ್ಣು ಕೆಂಪಾಗಿತ್ತು. ಭಾವ ಊಟಕ್ಕೆ ಕೂತಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನು ಚಾರ್ಟ್ ಮೇಡಂ ಬಾಗಿಲಲ್ಲೇ ಬಿಚ್ಚಿದಳು.

“ನಾನು ಹೇಳ್ದೆ ಅಕ್ಕಾ. ಅವರ ತಪ್ಪಲ್ಲ, ಕಷ್ಟದ ಕರೆ ಎಲ್ಲ ಅವರಿಗೇ ಹಾಕ್ತಾರೆ ಅಂತ ಎಷ್ಟು ಹೇಳ್ದೆ! ಆ ಮನುಷ್ಯ ಕಿವಿಗೇ ಹಾಕ್ಕೊಳ್ಲಿಲ್ಲ.”

ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು. “ನೀನಾದ್ರೂ ಬಾಯಿ ಬಿಟ್ಯಲ್ಲೇ. ಅಷ್ಟು ಜನರಲ್ಲಿ ಇವರಿಗೆ ಅಂತ ಒಬ್ಬಳು ಮಾತಾಡಿದ್ಯಲ್ಲ, ಅಷ್ಟು ಸಾಕು.”

ಭಾವ ತಲೆ ಎತ್ತಲಿಲ್ಲ. “ಮೀಟಿಂಗನ್ನ ಕೆಳಗೆ ನಮ್ಮ ಗೋಡೆ ಮೇಲೂ ಹಾಕಿದ್ರು,” ಎಂದ. “ಎಲ್ಲರಿಗೂ ಕಾಣಬೇಕು ಅಂತ ಸಾಹೇಬರ ಹುಕುಂ. ಅವಳು ಅಂದಿದ್ದು ಕೇಳಿಸ್ತು.”

ಚಾರ್ಟ್ ಮೇಡಂ ಅಕ್ಕನ ತೋಳಿನಿಂದ ಬಿಡಿಸಿಕೊಂಡಳು. ಅಕ್ಕ ಮಾತ್ರ ಅಳುವಿನ ನಡುವೆಯೂ ಅರಳಿದಳು. “ಹೌದಾ? ಎಲ್ಲರೂ ಕೇಳಿಸ್ಕೊಂಡ್ರಾ? ಚೆನ್ನಾಗಿ ಹೇಳಿದ್ಲಾ?”

ಭಾವ ಆಗ ತಲೆ ಎತ್ತಿ ನಾದಿನಿಯನ್ನು ನೋಡಿದ. ಗಿರಾಕಿಗಳು ಕೂಗಾಡುವಾಗ ಕೂತಿರುತ್ತಿದ್ದ ಹಾಗೆಯೇ ಕೂತಿದ್ದ, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಒಳಗಿನ ಕೋಣೆಯಲ್ಲಿ ಅವನ ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು.

“ಚೆನ್ನಾಗೇ ಹೇಳಿದ್ಲು,” ಎಂದ. “ತಟ್ಟೆ ಹಾಕು ಅವಳಿಗೆ. ಮೊದಲು ಅವಳಿಗೆ ಬಡಿಸು. ಈ ಮನೇಲಿ ಇನ್ನು ದುಡಿಯೋಳು ಅವಳೊಬ್ಬಳೇ ತಾನೆ.”

ಅಕ್ಕ ತಟ್ಟೆ ಹಾಕಿದಳು. ತಂಗಿ ಕೂತಳು, ಬಡಿಸಿದ್ದನ್ನೆಲ್ಲ ತಿಂದಳು.